ಹೊಗೆಯ ದಾರಿ, ಗಾಳಿಯ ದಾರಿ

ಶಬ್ದವೇ ಶಕ್ತಿಯೆಂಬ ಭ್ರಾಂತಿ ಮನುಷ್ಯನಿಗೆ ಅನಾದಿಯಿಂದಲೂ ಅಂಟಿಕೊಂಡು ಬಂದಿರಬೇಕು. ಸಭೆಯಲ್ಲಿ ಗಂಟಲೆತ್ತರಿಸಿದವನೇ ವಾದದಲ್ಲಿ ಗೆದ್ದನೆಂದು ಎಣಿಸುವ ನಾವು, ಯಂತ್ರದ ವಿಷಯದಲ್ಲಿ ಮಾತ್ರ ವಿವೇಕಿಗಳಾಗಿರುತ್ತೇವೆಂದು ನಿರೀಕ್ಷಿಸುವುದಾದರೂ ಹೇಗೆ? ನಮ್ಮ ಬಡಾವಣೆಯ ತರುಣರು, ಮೋಟಾರುಸೈಕಲ್ಲನ್ನು ಕೊಂಡು ತಿಂಗಳು ತುಂಬುವುದರೊಳಗಾಗಿ, ಕಾರ್ಖಾನೆಯವರು ಬಹುಕಾಲ ಲೆಕ್ಕ ಹಾಕಿ ಜೋಡಿಸಿಕೊಟ್ಟ ಸೈಲೆನ್ಸರನ್ನು ಕಿತ್ತು ಮೂಲೆಗೆಸೆದು, ಅದರ ಜಾಗದಲ್ಲಿ ಪೊಳ್ಳು ಕೊಳವೆಯೊಂದನ್ನು ಕಟ್ಟಿಸಿ, ಊರು ಮಲಗಿದ ಮೇಲೆ ಬೀದಿಯ ಈ ಕೊನೆಯಿಂದ ಆ ಕೊನೆಗೆ ಹಾದುಹೋಗುವಾಗ, ತೊಟ್ಟಿಲ ಮಕ್ಕಳು ಬೆಚ್ಚಿ ಅಳುವುದನ್ನೂ ನಾಯಿಗಳು ಬೆನ್ನಟ್ಟುವುದನ್ನೂ ತಮ್ಮ ವಾಹನದ ಸಾಮರ್ಥ್ಯಕ್ಕೆ ಸಂದ ಗೌರವವೆಂದೇ ಭಾವಿಸುತ್ತಾರೆ. ಅವರ ಮೇಲೆ ನನಗೆ ಕೋಪವೇನೂ ಇಲ್ಲ. ಯೌವನಕ್ಕೆ ಒಂದಿಷ್ಟು ಗದ್ದಲ ಬೇಕು. ಆದರೆ ಗದ್ದಲ ಹೆಚ್ಚಿದಷ್ಟೂ ಓಟ ಹೆಚ್ಚಿತೆಂದು ಅವರು ಹೇಳುವಾಗ ಮಾತ್ರ, ಎಳೆಯತನದಿಂದ ಟೂ ಸ್ಟ್ರೋಕ್ ಎಂಜಿನ್ನುಗಳ ಸಹವಾಸದಲ್ಲಿ ಬೆಳೆದ ನನಗೆ ಸುಮ್ಮನಿರಲಾಗುವುದಿಲ್ಲ.

ಮೈಸೂರಿನವನಾದ ನನಗೆ ಈ ಸಹವಾಸ ತಾನಾಗಿ ಒದಗಿ ಬಂದಿತು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ, ಆಗಿನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೋಟಾರುಸೈಕಲ್ಲುಗಳನ್ನು ತಯಾರಿಸತೊಡಗಿತು. ಮುಂದಿನ ದಶಕದಲ್ಲಿ ಅವೇ ವಾಹನಗಳು ಯೆಜ್ದಿಯೆಂಬ ಹೆಸರನ್ನು ತಳೆದುವು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಮೂವತ್ತೈದು ವರ್ಷಗಳ ಆ ಅವಧಿಯಲ್ಲಿ ಈ ಊರಿನ ಎಷ್ಟು ಮನೆಗಳ ಅಂಗಳದಲ್ಲಿ ಜಾವಾ ನಿಂತಿದ್ದಿತೋ, ಎಷ್ಟು ಗಲ್ಲಿಗಳಲ್ಲಿ ಅದರ ಮರ್ಮವನ್ನು ಬಲ್ಲ ಮೇಸ್ತ್ರಿಗಳು ಹುಟ್ಟಿಕೊಂಡರೋ ಹೇಳಲಾಗದು. ಕಿಕ್ ಹೊಡೆಯುವ ಕಡ್ಡಿಯೇ ಮಡಚಿಕೊಂಡು ಗೇರಿನ ಕಡ್ಡಿಯಾಗುವುದು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿರುವುದು, ಇವೆಲ್ಲ ಹೊರಗಿನವರಿಗೆ ವಿಚಿತ್ರವಾಗಿ ತೋರಿದರೂ ನಮಗೆ ವಾಹನವೆಂದರೆ ಹಾಗೆಯೇ ಇರತಕ್ಕದ್ದು. ಅರುವತ್ತೈದು ಮಿಲಿಮೀಟರು ಅಗಲದ ಬೋರು, ಪಿಸ್ಟನ್ನಿಗೆ ಎಪ್ಪತ್ತೈದು ಮಿಲಿಮೀಟರು ಉದ್ದದ ಓಟ, ಎರಡು ನೂರೈವತ್ತು ಸಿಸಿಗೆ ತುಸು ಕಡಮೆ: ಈ ಲೆಕ್ಕ ನಮ್ಮಲ್ಲಿ ಅನೇಕರಿಗೆ ಮಗ್ಗಿಯಂತೆ ಬಾಯಿಪಾಠವಾಗಿದ್ದಿತು.

ನನ್ನ ಯೆಜ್ದಿಯನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಗಳು ಮಿತಭಾಷಿಗಳು. 'ಪಿಕಪ್ ಸಾಲದು, ಕಾರ್ಬುರೇಟರು ಟ್ಯೂನ್ ಮಾಡಿಕೊಡಿ' ಎಂದು ಯಾರಾದರೂ ಬಂದರೆ, ಅವರು ಕಾರ್ಬುರೇಟರಿನ ಕಡೆ ತಿರುಗಿಯೂ ನೋಡದೆ ವಾಹನದ ಹಿಂಭಾಗಕ್ಕೆ ಹೋಗಿ, ಸೈಲೆನ್ಸರಿನ ಬಾಯಿಗೆ ಅಂಗೈಯನ್ನು ಒಂದು ಗೇಣು ದೂರದಲ್ಲಿ ಹಿಡಿದು, ಎರಡೂ ಕಡೆಯ ಹೊಗೆಯ ರಭಸವನ್ನು ಹೋಲಿಸಿ ನೋಡಿದ ಬಳಿಕವೇ ಮಾತನಾಡುವರು. 'ಹೋಗೋ ದಾರಿ ಕಟ್ಟಿದೆ ಸ್ವಾಮಿ, ಬರೋ ದಾರೀನ ತಿದ್ದಿ ಏನು ಪ್ರಯೋಜನ? ಮೊದಲು ಹಿಂದೆ, ಆಮೇಲೆ ಮುಂದೆ.' ಈ ಕ್ರಮವನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಆದರೆ ಎಂಜಿನ್ನಿನ ಶಾಸ್ತ್ರವನ್ನು ಬರೆದವರೂ ಇದಕ್ಕಿಂತ ಬೇರೆಯಾದುದನ್ನು ಹೇಳಲಾರರು.

ಕಾರಣವಿಷ್ಟೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಸುಟ್ಟ ಹೊಗೆಯನ್ನು ಹೊರಗೆ ದೂಡುವುದಕ್ಕೂ ಹೊಸ ಮಿಶ್ರಣವನ್ನು ಒಳಗೆಳೆಯುವುದಕ್ಕೂ ಪಿಸ್ಟನ್ನಿಗೆ ಒಂದೊಂದು ಪ್ರತ್ಯೇಕ ಓಟವಿದೆ, ಬಾಗಿಲು ಕಾಯುವ ವಾಲ್ವುಗಳಿವೆ. ಟೂ ಸ್ಟ್ರೋಕಿನಲ್ಲಿ ಆ ವೈಭವವಿಲ್ಲ. ಪಿಸ್ಟನ್ ಕೆಳಗಿಳಿಯುತ್ತ ಮೊದಲು ಹೊಗೆಯ ಕಿಂಡಿಯನ್ನು ತೆರೆಯುತ್ತದೆ. ಅರೆಗಳಿಗೆ ತಡೆದು ಹೊಸ ಮಿಶ್ರಣದ ಕಿಂಡಿಗಳನ್ನೂ ತೆರೆಯುತ್ತದೆ. ಎರಡೂ ಏಕಕಾಲದಲ್ಲಿ ತೆರೆದಿರುವ ಆ ಸ್ವಲ್ಪ ಹೊತ್ತಿನಲ್ಲಿ, ಒಳಗೆ ನುಗ್ಗುವ ಹೊಸದೇ ಹಳೆಯದನ್ನು ಹೊರದಬ್ಬಬೇಕು. ಹೀಗೆ ಹೊರದಬ್ಬಲು ಹೋದ ಹೊಸ ಮಿಶ್ರಣದಲ್ಲಿ ಒಂದಂಶ ಹಳೆಯದರ ಬೆನ್ನು ಹಿಡಿದು ತಾನೂ ಹೊರಗೆ ಹೋಗಿಬಿಡುತ್ತದೆ. ಹಣ ಕೊಟ್ಟು ಕೊಂಡ ಪೆಟ್ರೋಲು ಸುಡದೆಯೇ ಬೀದಿಯ ಪಾಲಾಗುವುದೆಂದರೆ ಇದೇ. ಅದನ್ನು ತಡೆಯುವ ಬಾಗಿಲು ಎಂಜಿನ್ನಿನೊಳಗೆ ಇಲ್ಲ. ಇರುವುದು ಹೊರಗೆ, ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆಯನ್ನೊಯ್ಯುವ ಬೆಂಡ್ ಪೈಪಿನಲ್ಲಿಯೂ ಸೈಲೆನ್ಸರಿನಲ್ಲಿಯೂ. ಆ ಬಾಗಿಲು ಲೋಹದ್ದೂ ಅಲ್ಲ, ಒತ್ತಡದ ಅಲೆಯದು.

ಕಿಂಡಿ ತೆರೆದೊಡನೆ ಹೊಗೆ ಚಿಮ್ಮುವಾಗ ಕೊಳವೆಯಲ್ಲಿ ಒಂದು ಅಲೆ ಹೊರಡುತ್ತದೆ. ಕಾದ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500 ಮೀಟರು, ಎಂದರೆ ಸೆಕೆಂಡಿನ ಸಾವಿರದೊಂದು ಭಾಗದಲ್ಲಿ ಅರ್ಧ ಮೀಟರು. ಬಾವಿಯೊಳಕ್ಕೆ ಕೂಗಿದವನಿಗೆ ತನ್ನ ದನಿಯೇ ಮರಳಿ ಕೇಳುವ ಹಾಗೆ ಈ ಅಲೆಯೂ ಮರಳುತ್ತದೆ. ಆದರೆ ಕೊಳವೆ ಅಗಲವಾಗುತ್ತ ಹೋದಲ್ಲಿ ಹೀರುವ ಅಲೆಯಾಗಿಯೂ, ಕಿರಿದಾಗುತ್ತ ಹೋದಲ್ಲಿ ದೂಡುವ ಅಲೆಯಾಗಿಯೂ ಮರಳುತ್ತದೆಂಬುದೇ ಇದರ ಸೋಜಿಗ. ಹೀರುವ ಅಲೆ ಮೊದಲು ಬಂದು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಂಡು ಹೋಗಬೇಕು. ದೂಡುವ ಅಲೆ ಅದರ ಹಿಂದೆ ಬಂದು, ತಪ್ಪಿಸಿಕೊಂಡು ಹೊರಟ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಮೊದಲೇ ಒಳಕ್ಕೆ ತುರುಕಬೇಕು. ಎಂಜಿನ್ನು ನಿಮಿಷಕ್ಕೆ 4,800 ಸುತ್ತು ತಿರುಗುತ್ತಿರುವಾಗ ಒಂದು ಸುತ್ತಿಗೆ ಸಿಕ್ಕುವ ಕಾಲ ಸೆಕೆಂಡಿನ ಎಂಬತ್ತನೆಯ ಒಂದು ಭಾಗ. ಅದರಲ್ಲಿಯೂ ಹೊಗೆಯ ಕಿಂಡಿ ತೆರೆದಿರುವುದು ಅರ್ಧಕ್ಕಿಂತ ಕಡಮೆ ಹೊತ್ತು. ಇಷ್ಟರೊಳಗೆ ಅಲೆ ಹೋಗಿ ಬರಬೇಕಾದರೆ ಕೊಳವೆಯ ಉದ್ದವೆಷ್ಟು, ಅದು ಎಲ್ಲಿ ಅಗಲವಾಗಬೇಕು, ಎಲ್ಲಿ ಕಿರಿದಾಗಬೇಕು ಎಂಬುದು ಬೆರಳಗಲದ ಲೆಕ್ಕ. ಸೈಲೆನ್ಸರನ್ನು ಗರಗಸದಿಂದ ಕತ್ತರಿಸಿದವನು ಶಬ್ದವನ್ನು ಬಿಡುಗಡೆ ಮಾಡುತ್ತಾನೆ, ನಿಜ; ಆದರೆ ಮರಳಿ ಬರಬೇಕಾಗಿದ್ದ ಅಲೆ ದಿಕ್ಕೆಟ್ಟು ಹೋಗುತ್ತದೆ.

ಈ ಅಲೆಯನ್ನು ಪಳಗಿಸಿದವರಲ್ಲಿ ಅಗ್ರಗಣ್ಯನೆಂದರೆ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡನ್. ಕೊಳವೆಯನ್ನು ಹಿಗ್ಗಿಸಿ ಕುಗ್ಗಿಸುವ ಉಪಾಯವನ್ನು ಎರಿಖ್ ವೋಲ್ಫ್ ಎಂಬವನು ಅವನಿಗಿಂತ ಮೊದಲೇ ಬಳಸಿದ್ದನಾದರೂ, ಅದನ್ನು ಊಹೆಯ ಮಟ್ಟದಿಂದ ಶಾಸ್ತ್ರದ ಮಟ್ಟಕ್ಕೆ ಏರಿಸಿದ ಕೀರ್ತಿ ಕಾಡನ್ನನದು. ಯುದ್ಧದಲ್ಲಿ ಸೋತು, ಇಬ್ಭಾಗವಾಗಿ, ಒಳ್ಳೆಯ ಉಕ್ಕಿಗೂ ಹಣಕ್ಕೂ ಪರದಾಡುತ್ತಿದ್ದ ನಾಡಿನಲ್ಲಿ, ಚೋಪಾವ್ ಎಂಬ ಸಣ್ಣ ಊರಿನಲ್ಲಿ ಕುಳಿತು, ಕೊಳವೆಯೊಳಗಿನ ಒತ್ತಡದ ಏರಿಳಿತಗಳನ್ನು ಆಸಿಲೋಸ್ಕೋಪಿನ ತೆರೆಯ ಮೇಲೆ ಕಣ್ಣಾರೆ ನೋಡುತ್ತ, ಕತ್ತರಿಸುತ್ತ, ಬೆಸೆಯುತ್ತ, ಮತ್ತೆ ಕತ್ತರಿಸುತ್ತ, ಅವನು 1961ರ ಹೊತ್ತಿಗೆ 125 ಸಿಸಿಯ ಪುಟ್ಟ ಎಂಜಿನ್ನಿನಿಂದ 25 ಕುದುರೆ ಶಕ್ತಿಯನ್ನು ಪಡೆದನು. ಲೀಟರಿನ ಲೆಕ್ಕದಲ್ಲಿ 200. ಅದೇ ವರ್ಷ ಬರ್ಲಿನ್ನಿನ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ, ವಿಶ್ವವಿಜೇತನ ಪಟ್ಟದ ಹೊಸ್ತಿಲಲ್ಲಿದ್ದ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್, ಹೆಂಡತಿ ಮಕ್ಕಳನ್ನು ಗುಟ್ಟಾಗಿ ಪಶ್ಚಿಮಕ್ಕೆ ದಾಟಿಸಿ, ತಾನು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಪಂದ್ಯದಿಂದ ಹಾಗೆಯೇ ಪಾರಾಗಿ, ಕಾಡನ್ನನ ವಿದ್ಯೆಯೊಡನೆ ಜಪಾನಿನ ಸುಜುಕಿಯವರನ್ನು ಸೇರಿಕೊಂಡನು. ಮರುವರ್ಷವೇ, 1962ರಲ್ಲಿ, ಸುಜುಕಿಯ ಮೇಲೆ ಕುಳಿತು 50 ಸಿಸಿ ವರ್ಗದ ಪಟ್ಟವನ್ನು ಗೆದ್ದನು. ಜಪಾನಿನ ಟೂ ಸ್ಟ್ರೋಕುಗಳು ಮುಂದೆ ಲೋಕವನ್ನೇ ಆಳಿದುವಷ್ಟೆ; ಅವುಗಳ ಹೊಟ್ಟೆಯುಬ್ಬಿದ ಕೊಳವೆಗಳನ್ನು ಕಂಡಾಗಲೆಲ್ಲ ನನಗೆ ಡೆಗ್ನರನ ಸಾಹಸಕ್ಕಿಂತ ಹೆಚ್ಚಾಗಿ, ತನ್ನ ಜೀವಮಾನದ ಸಾಧನೆ ಪರರ ಪಾಲಾದರೂ ಅದೇ ಊರಿನಲ್ಲಿ ಅದೇ ಕೆಲಸವನ್ನು ಮುಂದುವರಿಸಿಕೊಂಡು ಹೋದ ಕಾಡನ್ನನೇ ನೆನಪಾಗುತ್ತಾನೆ.

ನಮ್ಮ ಯೆಜ್ದಿ ಪಂದ್ಯದ ಕುದುರೆಯಲ್ಲ. ಅದರ ಸೈಲೆನ್ಸರಿನಲ್ಲಿ ಅಂಥ ಉಬ್ಬುತಗ್ಗುಗಳಿಲ್ಲ. ಆದರೂ ಅಲೆಯ ಧರ್ಮ ಅದಕ್ಕೂ ಅನ್ವಯಿಸುತ್ತದೆ, ಮೇಲಾಗಿ ಅದಕ್ಕೊಂದು ಶತ್ರುವಿದೆ: ಕರಿ. ಇಪ್ಪತ್ತು ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲಿನಂತೆ ಎಣ್ಣೆ ಬೆರೆಸಿ ಓಡಿಸುವ ಎಂಜಿನ್ನಿನಲ್ಲಿ ಸುಟ್ಟೂ ಸುಡದ ಎಣ್ಣೆ ಹೊಗೆಯ ಕಿಂಡಿಯ ಅಂಚಿಗೂ ಬೆಂಡ್ ಪೈಪಿನ ಒಳಮೈಗೂ ಸೈಲೆನ್ಸರಿನೊಳಗೆ ಶಬ್ದವನ್ನು ತಗ್ಗಿಸುವ ಬ್ಯಾಫಲಿನ ತೂತುಗಳಿಗೂ ಪದರಪದರವಾಗಿ ಹತ್ತಿಕೊಳ್ಳುತ್ತದೆ. ಓಟ ಕುಗ್ಗುವುದು ದಿನದಿಂದ ದಿನಕ್ಕೆ ಎಷ್ಟು ಸೂಕ್ಷ್ಮವಾಗಿ ಎಂದರೆ, ಸವಾರನು ಅದನ್ನು ತನ್ನ ತೂಕಕ್ಕೋ ಪೆಟ್ರೋಲಿನ ಕಲಬೆರಕೆಗೋ ಹೊರಿಸಿ ಸಮಾಧಾನಪಟ್ಟುಕೊಳ್ಳುತ್ತಾನೆ.

ಈ ಕರಿಯನ್ನು ತೆಗೆಯುವ ಕೆಲಸ ಮೇಸ್ತ್ರಿಗಳ ಕೈಯಲ್ಲಿ ಒಂದು ವ್ರತದಂತೆ ನಡೆಯುತ್ತಿದ್ದಿತು. ಬೆಂಡ್ ಪೈಪಿನ ಬಳೆಯನ್ನು ಕೊಕ್ಕೆಯಂಥ ಸ್ಪ್ಯಾನರಿನಿಂದ ಸಡಿಲಿಸಿ, ಸೈಲೆನ್ಸರುಗಳನ್ನು ಬಿಡಿಸಿ ಕೆಳಗಿಟ್ಟು, ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತುತ್ತ ಪಿಸ್ಟನ್ನು ಮೇಲೇರಿ ಅದರ ಅಂಚು ಕಿಂಡಿಯನ್ನು ಮುಚ್ಚುವಂತೆ ನಿಲ್ಲಿಸುವರು. ಕೆರೆದ ಪುಡಿ ಸಿಲಿಂಡರಿನೊಳಕ್ಕೆ ಬಿದ್ದರೆ ಗೋಡೆಯಲ್ಲಿ ಗೀರು ಏಳುವುದಲ್ಲವೆ? ಆಮೇಲೆ ಬಿದಿರಿನ ಸೀಳೊಂದನ್ನು ಹದವಾಗಿ ಕೆತ್ತಿಕೊಂಡು ಕಿಂಡಿಯ ಸುತ್ತ ಕೆರೆಯುವರು. ಸ್ಕ್ರೂಡ್ರೈವರನ್ನು ಆ ಜಾಗಕ್ಕೆ ತೋರಿಸಿದ ಶಿಷ್ಯನಿಗೆ ಬೆನ್ನ ಮೇಲೆ ಒಂದು ಬೀಳುತ್ತಿದ್ದಿತು. ಬ್ಯಾಫಲನ್ನು ಈಚೆಗೆಳೆದರೆ ಅದರ ಮೇಲೆ ಡಾಂಬರಿನಂಥ ಜಿಡ್ಡು; ತೆಂಗಿನ ಚಿಪ್ಪಿನ ಬೆಂಕಿಯಲ್ಲಿ ಅದನ್ನು ಸುಟ್ಟಾಗ ಮೊದಲು ದಟ್ಟವಾದ ಬಿಳಿಯ ಹೊಗೆ, ಅನಂತರ ತಾನೇ ಹತ್ತಿಕೊಂಡ ಕರಿಯ ಕೆಂಪು, ಕೊನೆಗೆ ಬೂದಿ. ಆರಿದ ಮೇಲೆ ಕಲ್ಲಿಗೆ ಮೆಲ್ಲಗೆ ಬಡಿದರೆ ಚಕ್ಕೆಚಕ್ಕೆಯಾಗಿ ಉದುರುವುದು. ತೂತುಗಳೆಲ್ಲ ಬಿಡಿಸಿಕೊಂಡ ಬ್ಯಾಫಲನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಅದನ್ನು ಅದರ ಮೂಲಸ್ಥಾನಕ್ಕೇ ಸೇರಿಸುವರು. 'ಇದನ್ನು ತೆಗೆದು ಓಡಿಸಿದರೆ?' ಎಂದು ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ಒಂದೇ: 'ಊರಿಗೆಲ್ಲ ಕೇಳಿಸುತ್ತೆ ಸ್ವಾಮಿ, ಚಾಮುಂಡಿ ಬೆಟ್ಟ ಮಾತ್ರ ಹತ್ತೋಲ್ಲ.'

ಹಿಂದಿನ ಕೆಲಸ ಮುಗಿಯಿತೆಂದ ಮೇಲೆ ಮುಂದಿನದು, ಎಂದರೆ ಕಾರ್ಬುರೇಟರು. ಜಾವಾದ ಜಿಕಾವ್ ಕಾರ್ಬುರೇಟರು ನೋಡುವುದಕ್ಕೆ ಸರಳವಾದ ವಸ್ತು: ಗಾಳಿ ಹಾಯುವ ಒಂದು ಸುರಂಗ, ಅದಕ್ಕೆ ಅಡ್ಡವಾಗಿ ಏರಿಳಿಯುವ ಸ್ಲೈಡು, ಸ್ಲೈಡಿನಿಂದ ತೂಗುವ ಮೊನಚಾದ ಸೂಜಿ, ಕೆಳಗೆ ಪೆಟ್ರೋಲಿನ ಬಟ್ಟಲು, ಬಟ್ಟಲಿನ ಮಟ್ಟವನ್ನು ಕಾಯುವ ತೇಲುಬುರುಡೆ, ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಜೆಟ್ಟುಗಳು. ಗಾಳಿ ರಭಸದಿಂದ ಹರಿಯುವಲ್ಲಿ ಒತ್ತಡ ಕುಗ್ಗುತ್ತದೆ, ಕುಗ್ಗಿದಲ್ಲಿಗೆ ಪೆಟ್ರೋಲು ಚಿಮ್ಮಿ ಬರುತ್ತದೆ. ತೂಕದಲ್ಲಿ ಹದಿನಾಲ್ಕೂಮುಕ್ಕಾಲು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಪೂರ್ಣ ದಹನಕ್ಕೆ ಸಾಕೆಂದು ರಸಾಯನಶಾಸ್ತ್ರ ಹೇಳುತ್ತದೆ. ಪೂರ್ತಿ ಬಲ ಬೇಕಾದಾಗ ಎಂಜಿನ್ನು ಹನ್ನೆರಡು ಹದಿಮೂರು ಪಾಲಿಗೇ ಒಂದನ್ನು ಬೇಡುತ್ತದೆ. ಈ ಪ್ರಮಾಣವನ್ನು ಗೊತ್ತುಮಾಡುವ ಭಾಗಗಳು ನಾಲ್ಕಾರು ಇದ್ದರೂ ಒಂದೊಂದರ ಅಧಿಕಾರ ಆಕ್ಸಿಲೇಟರಿನ ತಿರುವಿನ ಒಂದೊಂದು ಭಾಗಕ್ಕೆ ಸೀಮಿತವಾದುದು. ನಿಂತಲ್ಲಿ ಓಡುವಾಗ ಪೈಲಟ್ ಜೆಟ್ಟಿನದೂ ಗಾಳಿಯ ಸ್ಕ್ರೂವಿನದೂ ಆಡಳಿತ, ನಡುವೆ ಸೂಜಿಯದು, ಪೂರ್ತಿ ತೆರೆದಾಗ ಮೇನ್ ಜೆಟ್ಟಿನದು. ಯಾರ ಆಳ್ವಿಕೆಯಲ್ಲಿ ದೂರು ಬಂದಿತೆಂದು ವಿಚಾರಿಸದೆ ಕೈಗೆ ಸಿಕ್ಕಿದ ಸ್ಕ್ರೂವನ್ನು ತಿರುಗಿಸುವವರೇ ಲೋಕದಲ್ಲಿ ಹೆಚ್ಚು.

ಮೇಸ್ತ್ರಿಗಳ ಪದ್ಧತಿ ಬೇರೆ. ಎಂಜಿನ್ನು ಚೆನ್ನಾಗಿ ಕಾಯ್ದ ಮೇಲೆ, ಸ್ಲೋ ಸ್ಪೀಡನ್ನು ಕೊಂಚ ಏರಿಸಿಟ್ಟು, ಗಾಳಿಯ ಸ್ಕ್ರೂವನ್ನು ಕಾಲು ಸುತ್ತಿಗಿಂತಲೂ ಕಡಮೆಯಾಗಿ ಒಳಕ್ಕೆ ತಿರುಗಿಸುತ್ತ ಹೋಗುವರು. ಎಂಜಿನ್ನಿನ ಮಾತು ಭಾರವಾಗಿ ತಡವರಿಸತೊಡಗಿದಾಗ ನಿಲ್ಲಿಸಿ, ಹೊರಕ್ಕೆ ಬಿಡುತ್ತ ಬರುವರು. ಮಾತು ಸ್ಫುಟವಾಗಿ, ವೇಗ ತಾನಾಗಿ ಏರಿ, ಇನ್ನೂ ಬಿಟ್ಟರೆ ಬಿಕ್ಕುತ್ತ ಕುಗ್ಗುವುದು. ಈ ಎರಡು ಎಲ್ಲೆಗಳ ನಡುವೆ ಒಂದು ನೆಲೆಯಿದೆ. ಅದನ್ನು ಅವರು ಕಿವಿಯಿಂದ ಹಿಡಿಯುತ್ತಿದ್ದರೆಂದು ಜನ ಹೇಳುತ್ತಿದ್ದರಾದರೂ, ನಾನು ಕಂಡಂತೆ ಅವರ ಇನ್ನೊಂದು ಕೈ ಯಾವಾಗಲೂ ಪೆಟ್ರೋಲು ಟ್ಯಾಂಕಿನ ಮೇಲಿರುತ್ತಿದ್ದಿತು. ಎಷ್ಟು ತಿರುಗಿಸಿದರೂ ನೆಲೆ ಸಿಕ್ಕದಿದ್ದಾಗ ಅವರು ಸ್ಕ್ರೂವನ್ನು ಬಿಟ್ಟು ಗಾಳಿ ಕಳ್ಳದಾರಿಯಿಂದ ನುಗ್ಗುತ್ತಿದೆಯೆಂದು ತೀರ್ಮಾನಿಸುವರು. ನಟ್ಟುಗಳನ್ನು ಮಿತಿಮೀರಿ ಬಿಗಿದು ಬಿಗಿದು ಕಾರ್ಬುರೇಟರಿನ ಕೂರುವ ಮುಖವೇ ಬಾಗಿಹೋಗಿರುವುದುಂಟು. ಕಿಟಕಿಯ ಗಾಜಿನ ತುಂಡೊಂದರ ಮೇಲೆ ಎಮರಿ ಕಾಗದವನ್ನು ಹಾಸಿ, ಆ ಮುಖ ಸಮತಲವಾಗುವವರೆಗೆ ಎಂಟರ ಆಕಾರದಲ್ಲಿ ಉಜ್ಜುತ್ತ ಕೂಡುವಾಗ ಅವರಿಗೆ ಗಿರಾಕಿಗಳ ಗೊಡವೆಯೇ ಇರುತ್ತಿರಲಿಲ್ಲ. ಜೆಟ್ಟಿನ ರಂಧ್ರವನ್ನು ತಂತಿಯಿಂದ ತಿವಿಯುವವರನ್ನು ಅವರು ಕೊಲೆಗಡುಕರ ಸಾಲಿಗೆ ಸೇರಿಸಿದ್ದರು. ಹಿತ್ತಾಳೆ ಮೆದು, ಒಂದು ಗೀರಿಗೇ ರಂಧ್ರದ ಅಳತೆ ಕೆಟ್ಟುಹೋಗುತ್ತದೆ, ಅದರ ಮೇಲೆ ಕೊರೆದ ಅಂಕೆ ಸುಳ್ಳಾಗುತ್ತದೆ.

ಕಡೆಯ ಪರೀಕ್ಷೆ ನಂಜನಗೂಡಿನ ರಸ್ತೆಯಲ್ಲಿ. ಬೆಳಗಿನ ಜಾವ ರಸ್ತೆ ಬಿಡುವಾಗಿರುವಾಗ ಟಾಪ್ ಗೇರಿನಲ್ಲಿ ಪೂರ್ತಿ ಆಕ್ಸಿಲೇಟರು ಕೊಟ್ಟು ಒಂದಷ್ಟು ದೂರ ಓಡಿಸಿ, ಕ್ಲಚ್ಚನ್ನು ಹಿಡಿದು ಅದೇ ಕ್ಷಣ ಕೀಲಿಯನ್ನು ಆರಿಸಿ, ವಾಹನವನ್ನು ತಾನಾಗಿ ನಿಲ್ಲಗೊಟ್ಟು, ಬಿಸಿಯಾದ ಪ್ಲಗ್ಗನ್ನು ಬಿಚ್ಚಿ ಕರ್ಚೀಫಿನಲ್ಲಿ ಹಿಡಿದು ನೋಡುವುದು. ಪಿಂಗಾಣಿಯ ಮೂತಿ ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಕಡಮೆ. ಹಾಲು ಕಡಮೆಯಾದ ಕಾಫಿಯ ಬಣ್ಣವಿದ್ದರೆ ಮನೆಗೆ ಹೋಗಬಹುದು. ಬಿಳುಪೆಂದರೆ ಮೇಸ್ತ್ರಿಗಳಿಗೆ ಭಯ. ಕಪ್ಪಾದ ಪ್ಲಗ್ಗನ್ನು ಉಜ್ಜಿ ಹಾಕಿಕೊಳ್ಳಬಹುದು. ಬೆಳ್ಳಗಾದ ಎಂಜಿನ್ನು ಕಾಯ್ದು ಪಿಸ್ಟನ್ನು ಜಾಮಾದರೆ ಬೋರು ಮಾಡಿಸಬೇಕು. ಸೈಲೆನ್ಸರನ್ನು ಬದಲಾಯಿಸಿ ಹೊಗೆಯ ದಾರಿಯನ್ನು ಸಲೀಸು ಮಾಡಿದವರು ಮರೆಯುವುದು ಇದನ್ನೇ: ಹೊಗೆ ಸಲೀಸಾಗಿ ಹೋದರೆ ಗಾಳಿ ಹೆಚ್ಚಾಗಿ ಬರಬಹುದು, ಬಂದ ಗಾಳಿಗೆ ತಕ್ಕ ಪೆಟ್ರೋಲನ್ನು ಹಳೆಯ ಜೆಟ್ಟು ಕೊಡಲಾರದು, ಮಿಶ್ರಣ ತೆಳುವಾಗುತ್ತದೆ. ಆರಂಭದಲ್ಲಿ ಓಟ ಚುರುಕಾದಂತೆಯೇ ತೋರುತ್ತದೆ, ಅದೇ ಇದರ ಮೋಸ.

ಹಾಗೆಂದು ಒಮ್ಮೆ ಹಿಡಿದ ನೆಲೆ ಶಾಶ್ವತವೂ ಅಲ್ಲ. ಮೈಸೂರಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 770 ಮೀಟರು, ಉದಕಮಂಡಲದ್ದು 2,240. ಬಂಡೀಪುರವನ್ನು ದಾಟಿ, ಮಸಿನಗುಡಿಯ ಮೇಲೆ ಕಲ್ಹಟ್ಟಿಯ ಮೂವತ್ತಾರು ತಿರುವುಗಳನ್ನು ಹತ್ತುವಷ್ಟರಲ್ಲಿ, ಎಂಜಿನ್ನಿನ ಪಾಲಿಗೆ ಪ್ರತಿ ಸುತ್ತಿಗೂ ಸಿಕ್ಕುವ ಗಾಳಿಯಲ್ಲಿ ಏಳರಲ್ಲಿ ಒಂದು ಪಾಲಿನಷ್ಟು ಕಡಮೆಯಾಗಿರುತ್ತದೆ. ಪೆಟ್ರೋಲು ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮೈಸೂರಿನಲ್ಲಿ ಸೊಗಸಾಗಿ ಓಡುತ್ತಿದ್ದ ವಾಹನ ಅಲ್ಲಿ ಉಬ್ಬಸಪಡುತ್ತ, ಹೊಗೆಯುಗುಳುತ್ತ, ಎರಡನೆಯ ಗೇರಿನಿಂದ ಮೇಲೇರಲು ಒಲ್ಲೆನೆನ್ನುವುದು. ಬಲ್ಲವರು ಮೇಲೆ ಮುಟ್ಟಿದ ಮೇಲೆ ಸ್ಲೈಡನ್ನು ಹೊರತೆಗೆದು, ಸೂಜಿಯ ಲಾಕನ್ನು ಒಂದು ಗೆರೆ ಮೇಲಕ್ಕೆ ಹಾಕುವರು; ಲಾಕು ಮೇಲೆ ಹೋದರೆ ಸೂಜಿ ಕೆಳಗಿಳಿಯುತ್ತದೆ, ಪೆಟ್ರೋಲಿನ ದಾರಿ ಕಿರಿದಾಗುತ್ತದೆ. ಇಳಿದು ಬಂದೊಡನೆ ಅದನ್ನು ಯಥಾಸ್ಥಾನಕ್ಕೆ ತರಬೇಕಾದುದು ಅತ್ಯವಶ್ಯ; ಬೆಟ್ಟದ ಗೆರೆಯಲ್ಲಿ ಬಯಲಿನ ಬಿಸಿಲಿನಲ್ಲಿ ಓಡಿಸಿದವರ ಪಿಸ್ಟನ್ನುಗಳು ಮೇಸ್ತ್ರಿಗಳ ಕಿಟಕಿಯಲ್ಲಿ ಸಾಲಾಗಿ ಕುಳಿತಿದ್ದುವು.

ಎರಡು ಸಿಲಿಂಡರಿನ ವಾಹನಗಳಲ್ಲಿ ಇನ್ನೊಂದು ತೊಡಕಿದೆ. 1983ರಿಂದ ಫರೀದಾಬಾದಿನ ಎಸ್ಕಾರ್ಟ್ಸ್‌ನವರು ಯಮಹಾದ ಆರ್‌ಡಿಯನ್ನು ರಾಜದೂತ್ 350 ಎಂದು ತಯಾರಿಸಿದರು. ಸಿಲಿಂಡರಿಗೊಂದರಂತೆ ಎರಡು ಕಾರ್ಬುರೇಟರು, ಎರಡು ಕೊಳವೆ. ಮೊದಲು ಬಂದುದು ಮೂವತ್ತೂವರೆ ಕುದುರೆ ಶಕ್ತಿಯದು. ಪೆಟ್ರೋಲು ಕುಡಿಯುವುದೆಂಬ ದೂರು ಎದ್ದ ಮೇಲೆ ಅದನ್ನೇ ಬಿಗಿಹಿಡಿದು ಇಪ್ಪತ್ತೇಳಕ್ಕೆ ಇಳಿಸಿದರು. ಈ ಕಾರ್ಬುರೇಟರುಗಳೆರಡರ ಸ್ಲೈಡುಗಳೂ ಒಂದೇ ಗಳಿಗೆಯಲ್ಲಿ ಏಳಬೇಕು. ಮೇಸ್ತ್ರಿಗಳು ಏರ್ ಫಿಲ್ಟರನ್ನು ಕಳಚಿ, ಎರಡು ಬಾಯಿಗಳಿಗೂ ಒಂದೊಂದು ಬೆರಳನ್ನು ತೂರಿಸಿ, ಕಣ್ಣು ಮುಚ್ಚಿ, ಶಿಷ್ಯನಿಗೆ ಆಕ್ಸಿಲೇಟರನ್ನು ಕೂದಲೆಳೆಯಷ್ಟು ತಿರುಗಿಸಲು ಹೇಳುವರು. ಒಂದು ಮೊದಲು ಅಲುಗಿ ಇನ್ನೊಂದು ಅನಂತರ ಅಲುಗಿದರೆ ಕೇಬಲ್ಲಿನ ಅಡ್ಜಸ್ಟರನ್ನು ತಿದ್ದುವರು. ಒಂದು ಸಿಲಿಂಡರು ದುಡಿದು ಇನ್ನೊಂದು ಅದರ ಹೆಗಲ ಮೇಲೆ ಸವಾರಿ ಮಾಡುವುದನ್ನು ಅವರು ಸಹಿಸುತ್ತಿರಲಿಲ್ಲ; ಅವಿಭಕ್ತ ಕುಟುಂಬದಿಂದ ಬಂದವರಾದುದರಿಂದ ಇರಬಹುದು.

2020ರ ಏಪ್ರಿಲ್ ಒಂದರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಮೋಟಾರುಸೈಕಲ್ಲುಗಳಲ್ಲಿ ಕಾರ್ಬುರೇಟರಿನ ಕಾಲ ಬಹುಮಟ್ಟಿಗೆ ಮುಗಿದಂತೆಯೇ ಆಯಿತು. ಈಗ ಗಾಳಿಯ ಒತ್ತಡವನ್ನೂ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನೂ ಅಳೆದು, ಎಷ್ಟು ಪೆಟ್ರೋಲು ಚಿಮುಕಿಸಬೇಕೆಂಬುದನ್ನು ಒಂದು ಪುಟ್ಟ ಪೆಟ್ಟಿಗೆಯೇ ತೀರ್ಮಾನಿಸುತ್ತದೆ. ಉದಕಮಂಡಲಕ್ಕೆ ಹೋಗುವವನು ಸೂಜಿಯ ಗೆರೆಯನ್ನು ನೆನಪಿಡಬೇಕಾಗಿಲ್ಲ. ನಾನು ಇದನ್ನು ಹಳಿಯುವವನಲ್ಲ. ಮಿಶ್ರಣವನ್ನು ತಿದ್ದುವ ಮುನ್ನ ಹೊರಗೆ ಹೋದ ಹೊಗೆಯನ್ನು ವಿಚಾರಿಸಿಕೊಳ್ಳುವ ಪೆಟ್ಟಿಗೆ, ಅಂಗೈಯನ್ನು ಸೈಲೆನ್ಸರಿಗೆ ಹಿಡಿಯುತ್ತಿದ್ದ ನಮ್ಮ ಮೇಸ್ತ್ರಿಗಳ ಸಂಪ್ರದಾಯದ್ದೇ ಎಂದು ನನಗೆ ತೋರುತ್ತದೆ. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಅಂಗಡಿಗೆ ಬಂದಿತು. ಎಂಜಿನ್ನು ಫೋರ್ ಸ್ಟ್ರೋಕಿನದು, ಊರು ಮೈಸೂರಲ್ಲ. ಆದರೆ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳನ್ನು ಉಳಿಸಿಕೊಂಡಿದ್ದಾರೆ. ಪರಿಚಿತರೊಬ್ಬರು ಅದನ್ನು ಮೇಸ್ತ್ರಿಗಳಲ್ಲಿಗೆ ಒಯ್ದು ತೋರಿಸಿದಾಗ ನಾನೂ ಅಲ್ಲಿದ್ದೆ. ಅವರು ಸುತ್ತಲೂ ಒಮ್ಮೆ ನಡೆದು, ಎರಡು ಸೈಲೆನ್ಸರುಗಳ ಬಾಯಿಗೂ ಅಂಗೈ ಹಿಡಿದು, ಎರಡರಲ್ಲಿಯೂ ರಭಸ ಒಂದೇ ಸಮನಾಗಿದೆಯೆಂದು ಹೇಳಿ, ಮುಂದಿನ ಕೆಲಸಕ್ಕೆ ಮಗನನ್ನು ಕರೆದರು. ಅವನಲ್ಲಿ ಸ್ಕ್ಯಾನರಿದೆ.